ಭವನದಲ್ಲಿಟ್ಟ ರೊಟ್ಟಿ ಬುಟ್ಟಿ

ಅದು 2007ರ ಮಳೆಗಾಲ. ನಾನು ರಾಣೆಬೆನ್ನೂರಿನಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಯಾರು ಏನೇ ಅಂದರೂ ಅದಕ್ಕೆ ಆಧಾರವೇನು ಎಂದು ಕೇಳುವ ಚಟ ಹತ್ತಿತ್ತು.

ತುಂಗಭದ್ರೆ ಉಕ್ಕಿ ಐರಣಿ ಕಡೆಯ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗಿತ್ತು. ಅಲ್ಲಿಯವರನ್ನು ಒಂದು ಶಾಲೆಗೆ ಸಾಗಿಸಿದ್ದರು. ಮರುದಿನ ಮಧ್ಯಾಹ್ನದ ಊಟ ನಮ್ಮದು ಎಂದು ಊರ ಹೊರಗಿನ ನಮ್ಮ ಬಡಾವಣೆಯವರು ಮಾತು ಕೊಟ್ಟರು. ಸಭೆ ಸೇರಿದ್ದು ಸಮುದಾಯ ಭವನದಲ್ಲಿ. ಅಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು. ತಿರುಗಿದರೆ ಹೆಸರು ಕಾಣುವುದಿಲ್ಲವೆಂದೇ ಸೆಕೆಯಲ್ಲೂ ಫ್ಯಾನು ಹಾಕಗೊಡುವುದಿಲ್ಲ ಎಂಬುದು ನನ್ನ ವಾದ!

ಎದ್ದು ನಿಂತು ಹೇಳಿಯೇಬಿಟ್ಟೆ. ಈ ಸಲ ಮೈಕಿನಲ್ಲಿ ಹೆಸರು ಕೂಗುವುದು ಬೇಡ, ಯಾರೂ ತೋರಿಸಿಕೊಂಡು ಕೊಡುವುದು ಬೇಡ, ಭವನದಲ್ಲಿ ಬುಟ್ಟಿ ಇಡೋಣ, ಮನಸ್ಸಿದ್ದವರು ರೊಟ್ಟಿ ತಂದು ಹಾಕಲಿ, ಹೆಸರಿಲ್ಲದೆ ಯಾರು ಕೊಡುತ್ತಾರೋ ನೋಡಿಯೇಬಿಡೋಣ ಎಂದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ, ಎರಡು ಫ್ಯಾನುಗಳ ದಾನಿ ಶೇಖರಪ್ಪ ಕಾಕಾ ನಕ್ಕರು.

"ಆತು ವಕೀಲವ್ವ, ನೀನ ಮುಂದ ನಿಂತು ಮಾಡು. ಹಸದವ್ರಿಗೆ ಭಾಷಣ ಬಡಸೂ ಹಂಗ ಆಗಬಾರದು ನೋಡು."

ಮರುದಿನ ಬೆಳಿಗ್ಗೆ ದೊಡ್ಡ ಬುಟ್ಟಿ ಇಟ್ಟುಕೊಂಡು ಕೂತೆ. ಹತ್ತಾಯಿತು, ಹನ್ನೊಂದಾಗುತ್ತ ಬಂತು. ಬುಟ್ಟಿಯಲ್ಲಿ ನಮ್ಮ ಮನೆಯ ರೊಟ್ಟಿ ಮಾತ್ರ. ಹೆಸರಿಲ್ಲದಿದ್ದರೆ ಯಾರೂ ಕೊಡುವುದಿಲ್ಲ ಎಂಬ ನನ್ನ ವಾದವೇನೋ ಗೆದ್ದಿತ್ತು. ಆದರೆ ಅಲ್ಲಿ ಶಾಲೆಯಲ್ಲಿ ಮಕ್ಕಳು ಹಸಿದು ಕೂತಿದ್ದವಲ್ಲ! ಗೆದ್ದೂ ಖುಷಿಯಾಗದೆ ಹೋದದ್ದು ಅದೇ ಮೊದಲು.

ಸಿಟ್ಟಿನಲ್ಲಿ ಪಕ್ಕದ ಮನೆಯ ಗಿರಿಜಕ್ಕನ ಹತ್ತಿರ ಓಡಿದೆ. ನೋಡಿದರೆ ಅವರ ಬಾಗಿಲ ಒಳಗೇ ಬಿಳಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಗಂಟು. ಮತ್ತೆ ಯಾಕೆ ತರಲಿಲ್ಲ ಎಂದು ಜಗಳಕ್ಕೇ ನಿಂತೆ.

"ತೋರಿಸಿ ಕೊಡಬ್ಯಾಡ್ರಿ ಅಂದಾಕಿ ನೀನ. ಗಂಟು ಹೊತಗೊಂಡು ಓಣ್ಯಾಗ ಹಾದು ಬಂದ್ರ ತೋರಿಸಿದಂಗ ಆಗೂದಿಲ್ಲೇನು? ಜೋಳಗಿ ಮನೀ ಬಾಗಲಿಗೆ ಬರಬೇಕವ್ವ. ಎಲ್ಲಾರೂ ನಿನ್ನ ದಾರಿ ಕಾಯಾಕತ್ತಾರ."

ಅವರ ಮನೆಯ ಧೋತರವೊಂದನ್ನೇ ಜೋಳಿಗೆ ಮಾಡಿ ಹೆಗಲಿಗೆ ಹಾಕಿಕೊಂಡು ಓಡಿದೆ. ಖರೇ ಹೇಳಬೇಕೆಂದರೆ, ಹೋದಲ್ಲೆಲ್ಲ ಗಂಟು ತಯಾರಿತ್ತು! ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಟಕ್ ಎನ್ನುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೊಸ ಬಾಡಿಗೆಯವರ ಮನೆಯಿಂದ ಚಪಾತಿ. ಇಷ್ಟು ತಡ ಯಾಕೆಂದು ಬೈಸಿಕೊಂಡವಳು ಮಾತ್ರ ನಾನು.

ಹೆಗಲು ಸಾಲದಾಯಿತು. ಅಷ್ಟರಲ್ಲಿ ಶೇಖರಪ್ಪ ಕಾಕಾ ತಮ್ಮ ಟೆಂಪೊ ತಂದು ನಿಲ್ಲಿಸಿದರು. ಅದರ ಹಣೆಯ ಮೇಲೆ ದೊಡ್ಡದಾಗಿ ಬರೆಸಿದ್ದ ಅವರ ಹೆಸರಿನ ಮೇಲೆ ಖಾಲಿ ಮೆಣಸಿನಕಾಯಿ ಚೀಲವೊಂದು ಇಳಿಬಿದ್ದಿತ್ತು. ನಾನು ಅದನ್ನೇ ನೋಡುತ್ತಿರುವುದು ಕಂಡು, "ಲಗೂ ಹತ್ತು, ಘಾಟಿಗೆ ಸೀನಬ್ಯಾಡ," ಎಂದರು.

ಊಟದ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದೆವು. ಒಬ್ಬ ಅಜ್ಜಿ ರೊಟ್ಟಿ ಮುರಿಯುತ್ತ, ಇದು ಯಾರ ಮನೆಯದು ಎಂದು ಕೇಳಿದಳು. ಎಲ್ಲ ಬೆರೆತುಹೋಗಿವೆ, ಗೊತ್ತಿಲ್ಲ ಅಂದೆ.

"ಹಂಗಾರ ಓಣಿ ತುಂಬ ಎಲ್ಲಾರೂ ತಣ್ಣಗಿರ್ಲಿ ಅನ್ನಬೇಕಾತು," ಎಂದಳು.

ಫ್ಯಾನಿನ ಮೇಲಿನ ಹೆಸರುಗಳ ಬಗ್ಗೆ ನನ್ನ ವಾದ ಈಗಲೂ ಹಾಗೇ ಇದೆ. ಆದರೆ ಈಗಿನ ಕಾಲದಲ್ಲಿ ಜನ ಏನೂ ಕೊಡುವುದಿಲ್ಲ ಎಂದು ಯಾರಾದರೂ ಅಂದರೆ, ಆಧಾರ ಕೇಳುವುದಿಲ್ಲ. ಅವರ ಬಾಗಿಲಿಗೆ ಹೋಗಿದ್ದಿರಾ ಎಂದು ಕೇಳುತ್ತೇನೆ.