ಅರ್ಧ ಸೌದೆ

ಒಲೆ ಮೇಸ್ತ್ರಿಯ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯಂತೆಯೇ ಇತ್ತು. ಬಲಗೈ ಮಾತ್ರ ಸುಟ್ಟು ಸಿಪ್ಪೆ ಸುಲಿದ ಬದನೆಕಾಯಿಯಂತೆ ನುಣುಪಾಗಿ ಹೊಳೆಯುತ್ತಿತ್ತು. ಉರಿಯುತ್ತಿರುವ ಒಲೆಯ ಬಾಯೊಳಗೆ ಆ ಕೈಯನ್ನು ಒಂದು ಕ್ಷಣ ತೂರಿಸಿ, ಉರಿ ಪಾತ್ರೆಯ ತಳಕ್ಕೆ ಏಳುತ್ತಿದೆಯೋ ಹೊಗೆಕೊಳವೆಗೆ ಓಡುತ್ತಿದೆಯೋ ಎಂದು ತಿಳಿಯುವುದು ಅವರ ಪದ್ಧತಿ. ಕೈ ಹೊರಗೆ ತೆಗೆದು ಪಂಚೆಗೆ ಒರೆಸಿಕೊಂಡು, "ಇನ್ನೊಂದು ಬೆರಳು ಎತ್ತರಿಸ್ಬೇಕು ಸಾರ್" ಎನ್ನುತ್ತಿದ್ದರು.

ಈ ಕೈಯ ವಿಚಾರ ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಂಡು ಮುಂದಕ್ಕೆ ಹಾಕುತ್ತಲೇ ಬಂದೆ. ಕೆಲಸದಿಂದ ಬಿಡುಗಡೆಯಾಗಲಿ ಎಂದೆ. ಮಗಳ ಮದುವೆಯಾಗಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ಬರೆಯಲು ಎಲ್ಲಿ ಬರುತ್ತದೆ ಎಂಬುದೂ ಒಂದು ನೆಪವಾಗಿತ್ತು. ಸುಳ್ಳು ವರದಿ ಬರೆಯಲು ಆ ಓದು ಸಾಕಾಗಿತ್ತು. ನಿಜ ಬರೆಯಲು ಮಾತ್ರ ಸಾಲದು ಎಂದುಕೊಳ್ಳುವುದು ಯಾವ ನ್ಯಾಯ?

ಆಗ ನಮ್ಮ ಕಡೆಯೆಲ್ಲ ಇನ್ನೂ ಕೋಲಾರ ಜಿಲ್ಲೆ. ಪಂಚಾಯಿತಿ, ಪುರಸಭೆಗಳಿಗಾಗಿ ಸೌದೆ ಮತ್ತು ಕರೆಂಟು ಉಳಿಸುವ ಒಂದು ಯೋಜನೆ ನಡೆಯುತ್ತಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳಿಗೆ ನಾನು ಮೇಲ್ವಿಚಾರಕ. ಗುತ್ತಿಗೆಯ ಕೆಲಸ. ಬೀದಿದೀಪ, ನೀರಿನ ಪಂಪು, ಹಾಸ್ಟೆಲಿನ ಅಡುಗೆಮನೆ, ಶಾಲೆಯ ಬಿಸಿಯೂಟದ ಒಲೆ ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ಆದರೆ ಯೋಜನೆ ನಿಂತಿದ್ದುದು ಶಿಡ್ಲಘಟ್ಟದ ಗೂಡು ಬೇಯಿಸುವ ಒಲೆಗಳ ಮೇಲೆ. ರೇಷ್ಮೆಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿದರೆ ತಾನೇ ನೂಲು ಬಿಚ್ಚಿಕೊಳ್ಳುವುದು? ಆ ನೀರಿಗಾಗಿ ಅಲ್ಲಿನ ಒಂದೊಂದು ರೀಲಿಂಗ್ ಘಟಕವೂ ಬೆಳಗಿನಿಂದ ಸಂಜೆಯವರೆಗೆ ಸೌದೆ ತಿನ್ನುತ್ತಿತ್ತು.

ಒಲೆ ಕಟ್ಟಲು ಒಬ್ಬ ಗಾರೆ ಮೇಸ್ತ್ರಿ ಬೇಕು ಎಂದಾಗ ಎಲ್ಲರೂ ತೋರಿಸಿದ್ದು ಇವರನ್ನೇ. ಚಿಂತಾಮಣಿ ಕಡೆಯ ತೆಲುಗು ಮನೆಮಾತಿನವರು. ಶಿಡ್ಲಘಟ್ಟದಲ್ಲಿ ನೆಲೆಸಿ ಬಹಳ ಕಾಲವಾಗಿತ್ತು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಮೊದಲ ದಿನದಿಂದ ನನ್ನನ್ನು ಸಾರ್ ಎಂದೇ ಕರೆದರು. ಬೆಂಗಳೂರಿನಿಂದ ಬಂದಿದ್ದ ಹೊಸ ಒಲೆಯ ನಕ್ಷೆಯನ್ನು ಅವರ ಮುಂದೆ ಹರಡಿದೆ. ಅದನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ ನೋಡಿದರು.

"ಕಾಗದ ಚೆನ್ನಾಗೈತೆ ಸಾರ್. ಆದ್ರೆ ಕಾಗದದಾಗೆ ಹೊಗೆ ಬರಲ್ವಲ್ಲ."

ನಕ್ಷೆಯ ಸೆಂಟಿಮೀಟರುಗಳನ್ನೆಲ್ಲ ಅವರು ಗೇಣು, ಬೆರಳುಗಳಿಗೆ ಇಳಿಸಿಕೊಂಡರು. ಒಲೆ ಹೊಗೆ ಎಳೆಯುತ್ತದೆಯೋ ಇಲ್ಲವೋ ನೋಡಲು ಜೇಬಿನಲ್ಲಿ ಒಂದು ಬೀಡಿ ಕಟ್ಟು ಇಟ್ಟಿರುತ್ತಿದ್ದರು. ಹಚ್ಚಿ, ಕೆಮ್ಮಿ, ಹೊಗೆಯನ್ನು ಒಲೆಯ ಬಾಯಿಗೆ ಊದುತ್ತಿದ್ದರು. "ಏನ್ ಮೇಸ್ತ್ರಿ, ಬೀಡಿ ಚಟ ಯಾವಾಗಿಂದ?" ಎಂದರೆ, "ನಂಗೆಲ್ಲಿ ಸಾರ್ ಚಟ, ಒಲೇಗ್ ಸೇದುಸ್ತಾ ಇದೀನಿ" ಎನ್ನುವರು. ಹೊಸ ಒಲೆಗೆ ಮೊದಲ ಕಡ್ಡಿ ಗೀರಿದಾಗ "ರಾ ತಲ್ಲಿ" ಎಂದು ಮೆಲ್ಲಗೆ ಕರೆಯುತ್ತಿದ್ದರು. ಬಾ ತಾಯಿ ಎಂದು. ಬೆಂಕಿಗೂ ಅವರಿಗೂ ನೆಂಟಸ್ತನವಿದ್ದ ಹಾಗೆ.

ಅವರು ಎಂಥವರೆಂದು ನನಗೆ ಗೊತ್ತಾದದ್ದು ಗೌರಿಬಿದನೂರಿನ ಒಂದು ಹಾಸ್ಟೆಲಿನಲ್ಲಿ. ಅಲ್ಲಿ ಅವರು ಕಟ್ಟಿದ ಒಲೆ ಅದೇಕೋ ಹಳೆಯದರಷ್ಟೇ ಸೌದೆ ತಿಂದಿತು. ವಾರ್ಡನ್ ಒಳ್ಳೆಯವರು, "ಇರ್ಲಿ ಬಿಡಿ, ಹೊಗೆ ಕಮ್ಮಿ ಆಯ್ತಲ್ಲ, ಸೈನ್ ಹಾಕ್ತೀನಿ" ಎಂದರು. ನಾನು ಫಾರಂ ಚಾಚಿದೆ. ಅಷ್ಟರಲ್ಲಿ ಮೇಸ್ತ್ರಿ ಹಾರೆ ತೆಗೆದುಕೊಂಡು ತಮ್ಮ ಒಲೆಯನ್ನು ತಾವೇ ಒಡೆಯಲು ಶುರುಮಾಡಿದ್ದರು.

"ರೀ, ಸೈನ್ ಹಾಕ್ತಾರಂತೆ!" ಎಂದು ಕೂಗಿದೆ.

"ಸೈನ್ ಹಾಕಿದ್ರೆ ನೀರು ಕಾಯುತ್ತಾ ಸಾರ್?"

ಎರಡು ದಿನ ಅಲ್ಲೇ ಉಳಿದು ಮತ್ತೆ ಕಟ್ಟಿ, ಸೌದೆ ತೂಗಿ, ಮುಳ್ಳು ನೋಡಿ, ಆಮೇಲೆ ಊರಿಗೆ ಹೊರಟರು. ತಕ್ಕಡಿಯ ಮೇಲೆ ಅವರಿಗೆ ಅಷ್ಟು ನಂಬಿಕೆ. ತಮ್ಮ ಕೈಗಿಂತ ಹೆಚ್ಚು. ನಾನು ಅವರನ್ನು ಕೆಡಿಸಿದ್ದು ಆ ನಂಬಿಕೆಯಿಂದಲೇ.

ಯೋಜನೆ ಮುಂದುವರಿಯಬೇಕಾದರೆ ಶಿಡ್ಲಘಟ್ಟದಲ್ಲಿ ಮೇಲಿನ ಅಧಿಕಾರಿಯೊಬ್ಬರ ಎದುರು ಹಳೆಯ ಒಲೆಯನ್ನೂ ಹೊಸ ಒಲೆಯನ್ನೂ ಒಂದೇ ದಿನ ಉರಿಸಿ ತೋರಿಸಬೇಕಿತ್ತು. ಮೇಸ್ತ್ರಿ ಅದಕ್ಕೆ ಮೊದಲೇ ನಾಲ್ಕಾರು ಸಲ ತೂಗಿ ನೋಡಿದ್ದರು.

"ನಾಲ್ಕು ಸೌದೇಲಿ ಒಂದು ಉಳಿಯುತ್ತೆ ಸಾರ್. ಅದಕ್ಕಿಂತ ಜಾಸ್ತಿ ಆಗಲ್ಲ."

"ಅಷ್ಟೇನಾ?"

"ಅಷ್ಟೇನಾ ಅಂತೀರಲ್ಲ! ವರ್ಷದಾಗೆ ಮೂರು ತಿಂಗಳ ಸೌದೆ ಉಳೀತಲ್ಲಪ್ಪಾ."

ನನಗೆ ಅದು ಸಾಲಲಿಲ್ಲ. ಬೇರೆ ಕಡೆಯವರು ಇದಕ್ಕಿಂತ ಹೆಚ್ಚು ಉಳಿಸಿದ್ದಾರಂತೆ ಎಂದು ಕೇಳಿದ್ದೆ. ಯೋಜನೆ ನಿಂತರೆ ನನ್ನ ಕೆಲಸವೂ ನಿಲ್ಲುತ್ತಿತ್ತು. ಮುಂದುವರಿದರೆ ಕಾಯಂ ಆಗುವ ಮಾತಿತ್ತು. ಇದು ಕಾರಣ, ಸಮರ್ಥನೆ ಅಲ್ಲ. ಕಚೇರಿಯಲ್ಲಿ ಸ್ವಂತ ಮೇಜು ಹಾಕಿಸಿಕೊಂಡು ಕೂರುವ ಆಸೆಯೂ ಇತ್ತು. ಅದನ್ನೂ ಬರೆದುಬಿಡುತ್ತೇನೆ.

ಚಿಕ್ಕಬಳ್ಳಾಪುರದ ಒಂದು ಹಾಸ್ಟೆಲಿನ ಅಡುಗೆಮನೆ ಅಟ್ಟದ ಮೇಲೆ ಎರಡು ತಿಂಗಳು ಒಣಗಿದ್ದ ನೀಲಗಿರಿ ಸೌದೆ ಇತ್ತು. ತಟ್ಟಿದರೆ ಟಣ್ ಎನ್ನುವಷ್ಟು ಒಣಗಿತ್ತು. ಅದನ್ನು ಟೆಂಪೋದಲ್ಲಿ ತರಿಸಿ ಹೊಸ ಒಲೆಯ ಮುಂದೆ ಇಳಿಸಿದೆ. ಹಳೆಯ ಒಲೆ ಇದ್ದುದು ಪಕ್ಕದ ಘಟಕದಲ್ಲಿ, ಗೋಡೆಯ ಆಚೆ. ಅಲ್ಲಿಗೆ ಆ ದಿನವೇ ಲಾರಿಯಿಂದ ಇಳಿದ ಹಸಿ ನೀಲಗಿರಿ. ಎರಡೂ ರಾಶಿಯ ತೂಕ ಒಂದೇ. ಹಸಿ ಸೌದೆ ಉರಿಸುವುದು ಅಲ್ಲಿಯವರಿಗೆ ಹೊಸದಲ್ಲವಾದ್ದರಿಂದ ಯಾರೂ ಏನೂ ಕೇಳಲಿಲ್ಲ. ಕೇಳುವವರು ಒಬ್ಬರೇ ಇದ್ದರು. ಅವರಿಗೆ, "ಎರಡೂ ಕಡೆ ಇದೇ ಸೌದೆ ಮೇಸ್ತ್ರಿ, ನೀವು ಹೊಸ ಒಲೆ ಬಿಟ್ಟು ಕದಲಬೇಡಿ" ಎಂದು ಹೇಳಿ ಕೂರಿಸಿದ್ದೆ.

ಸಂಜೆಗೆ ಗೋಡೆಯಾಚೆಯ ರಾಶಿ ಪೂರ್ತಿ ಖಾಲಿಯಾಗಿತ್ತು. ಈಚೆಯ ರಾಶಿಯಲ್ಲಿ ಅರ್ಧ ಉಳಿದಿತ್ತು. ಬೆಂದ ಗೂಡಿನ ತೂಕ ಎರಡೂ ಕಡೆ ಒಂದೇ. ಅಧಿಕಾರಿ ನನ್ನ ಕೈ ಕುಲುಕಿದರು. ಮೇಸ್ತ್ರಿ ಉಳಿದ ಸೌದೆಯನ್ನು ಮತ್ತೆ ತಕ್ಕಡಿಗೆ ಹಾಕಿಸಿದರು. ಒಲೆಯೊಳಗೆ ಕೈ ತೂರಿಸಿದರು. ಹೊರಗೆ ಬಂದು ನನ್ನ ಮುಖ ನೋಡಿದರು.

"ಸಾರ್, ಇದೆಂಗಾಯ್ತು?"

"ನಿಮ್ಮ ಕೈಗುಣ ಮೇಸ್ತ್ರಿ" ಎಂದೆ.

ಅವರು ಆ ಬೋಳು ಕೈಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ನಾಚಿಕೊಂಡು ನಕ್ಕರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಮತ್ತೆಂದೂ ನೋಡಲಿಲ್ಲ.

ಶಿಡ್ಲಘಟ್ಟದ ಗೋಡೆಗಳ ಮೇಲೆ 'ಹೊಸ ಒಲೆ, ಅರ್ಧ ಸೌದೆ' ಎಂದು ನಾನೇ ಬರೆಸಿದೆ. ರೀಲರ್‌ಗಳು ಮುಗಿಬಿದ್ದು ಒಲೆ ಕಟ್ಟಿಸಿಕೊಂಡರು. ಗೋಡೆಯ ಮಾತು ನಂಬಿ ಅರ್ಧ ಸೌದೆ ಮಾತ್ರ ತರಿಸಿದರು. ಅರ್ಧ ಸೌದೆಗೆ ನೀರು ಕುದಿಯಲಿಲ್ಲ. ಗೂಡು ಸರಿಯಾಗಿ ಬೇಯಲಿಲ್ಲ. ನೂಲು ಮಾರುದ್ದಕ್ಕೊಂದು ಸಲ ತುಂಡಾಯಿತು. ಒಬ್ಬ ಹಿರಿಯ ರೀಲರ್ ಸಾಬರು, ಪರೀಕ್ಷೆಯ ದಿನ ಹಳೆಯ ಒಲೆ ಉರಿಸಲು ತಮ್ಮ ಘಟಕವನ್ನೇ ಬಿಟ್ಟುಕೊಟ್ಟಿದ್ದವರು, ಬೀದಿಯಲ್ಲಿ ಮೇಸ್ತ್ರಿಯನ್ನು ನಿಲ್ಲಿಸಿ ನನ್ನ ಎದುರೇ ಕೇಳಿದರು.

"ಏನ್ ಮೇಸ್ತ್ರಿ, ನಿಮ್ದು ಅರ್ಧ ಸೌದೇಲಿ ಗೂಡೂ ಅರ್ಧಾನೇ ಬೇಯ್ತದಲ್ಲ? ಉಳಿದಿದ್ದು ಏನ್ ಮಾಡ್ಲಿ, ನಿಮ್ ಮನೆಗ್ ಕಳಿಸ್ಲಾ?"

ಸುತ್ತ ನಿಂತವರು ನಕ್ಕರು. ಅವತ್ತಿನಿಂದ ಅವರಿಗೆ ಅದೇ ಹೆಸರಾಯಿತು. "ಅರ್ಧ ಸೌದೆ ಬಂದ ನೋಡ್ರೋ." ನಾನು ಇಲ್ಲಿ ಅವರ ನಿಜವಾದ ಹೆಸರು ಬರೆಯದಿರುವುದು ಇದಕ್ಕೇ. ಆ ಹೆಸರು ಓದಿದರೆ ಅಲ್ಲಿ ಕೆಲವರಿಗೆ ಈಗಲೂ ಈ ಅಡ್ಡಹೆಸರೇ ನೆನಪಾಗುತ್ತದೆ.

ದೂರು ಮೇಲಕ್ಕೆ ಹೋಗಿ ಸಭೆ ಕರೆದರು. ಅಧಿಕಾರಿ ನನ್ನನ್ನೇ ಕೇಳಿದರು, ಪರೀಕ್ಷೆಯ ದಿನ ಮೊದಲ ಒಲೆಯಲ್ಲಿ ಉಳಿದ ಸೌದೆ ಮಿಕ್ಕ ಒಲೆಗಳಲ್ಲಿ ಯಾಕೆ ಉಳಿಯುತ್ತಿಲ್ಲ ಎಂದು. ಮೇಸ್ತ್ರಿ ಬಾಗಿಲ ಬಳಿ ಟವೆಲ್ಲು ಹಿಡಿದು ನಿಂತಿದ್ದರು. ನಿಜ ಹೇಳಲು ಅದೇ ಸಮಯ. ಒಂದೇ ವಾಕ್ಯದ ಕೆಲಸ. ನಾನು ಹೇಳಿದ್ದು ಬೇರೆ.

"ಮೊದಲನೇದು ನಿಧಾನವಾಗಿ ಕಟ್ಟಿದ್ರು ಸಾರ್. ಆಮೇಲಿನವು ಆತುರದಲ್ಲಿ ಕಟ್ಟಿದ್ದಾರೆ. ಅಳತೆ ತಪ್ಪಿರಬೇಕು."

ಎಲ್ಲರೂ ಅವರ ಕಡೆ ತಿರುಗಿದರು. ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನು ನೋಡಿಕೊಂಡು, "ಇರಬೌದು ಸಾರ್. ತಕ್ಕಡಿ ಸುಳ್ಳು ಹೇಳಲ್ವಲ್ಲ" ಎಂದರು.

ಒಲೆಗಳನ್ನು ಹಾರೆಯಲ್ಲಿ ಮೀಟಿ ಬೀದಿಗೆ ಹಾಕಿದರು. ಮೊದಲ ಒಲೆಯೂ ಉಳಿಯಲಿಲ್ಲ. ಎಲ್ಲರೂ ಹಳೆಯ ಒಲೆಗೆ ಹಿಂದಿರುಗಿದರು. ನಾಲ್ಕರಲ್ಲಿ ಒಂದು ಸೌದೆ ನಿಜವಾಗಿಯೂ ಉಳಿಯುತ್ತಿತ್ತಲ್ಲ, ಅದೂ ಹೋಯಿತು. ಮೇಸ್ತ್ರಿಯನ್ನು ಒಲೆಗಿರಲಿ, ಜಗಲಿ ಕಟ್ಟಲೂ ಯಾರೂ ಕರೆಯದಂತಾಯಿತು. ನನಗೆ ಏನೂ ಆಗಲಿಲ್ಲ. ನನ್ನನ್ನು ಬೀದಿದೀಪದ ಕೆಲಸಕ್ಕೆ ಹಾಕಿದರು. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮೇಲೆ ಅಲ್ಲಿ ನನಗೊಂದು ಮೇಜೂ ಸಿಕ್ಕಿತು.

ಎರಡು ವರ್ಷದ ಮೇಲೆ, ಬೇರೆ ಕೆಲಸಕ್ಕೆ ಶಿಡ್ಲಘಟ್ಟಕ್ಕೆ ಹೋದವನು ಅವರ ಮನೆಗೆ ಹೋದೆ. ಹಿತ್ತಲಲ್ಲಿ ಒಲೆಗಳ ಸಾಲು ಇತ್ತು. ಏಳು ಇದ್ದವು. ಒಂದರ ಬಾಯಿ ಒಂದು ಬೆರಳು ಅಗಲ, ಇನ್ನೊಂದರ ಕೊಳವೆ ಎರಡು ಬೆರಳು ಕಿರಿದು. ಮೇಸ್ತ್ರಿ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಪ್ಪುನೇರಳೆ ಕಡ್ಡಿ ಉರಿಸಿ ನೀರು ಕಾಯಿಸುತ್ತಿದ್ದರು. ಪಕ್ಕದಲ್ಲಿ ತಕ್ಕಡಿ ಇತ್ತು.

"ಆ ಮೊದ್ಲನೇ ಒಲೆ ಹುಡುಕ್ತಾ ಇದೀನಿ ಸಾರ್" ಎಂದರು. "ಒಡೆದುಬಿಟ್ರು ನೋಡಿ, ಅಳತೆ ಸಿಗಲಿಲ್ಲ. ಅವತ್ತು ನನ್ ಕೈ ಏನೋ ಮಾಡೈತೆ. ಏನ್ ಮಾಡ್ತು ಅಂತ ನಂಗೇ ಗೊತ್ತಾಗ್ತಿಲ್ಲ. ನಿಮಗೇನಾದ್ರೂ ನೆನಪೈತಾ?"

ಅವರ ಹೆಂಡತಿ ಒಳಗಿನಿಂದ ಬಂದು, "ನೀವಾದ್ರೂ ಬುದ್ಧಿ ಹೇಳಿ ಸಾರ್. ಊಟಕ್ಕೆ ಎದ್ದು ಬರಲ್ಲ ಈ ಮನುಷ್ಯ. ಬರೀ ಬೂದಿ ಕೆದಕೋದು. ನಿಮ್ ಮಾತಾದ್ರೆ ಕೇಳ್ತಾರೆ" ಎಂದರು.

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೌದೆ ಒಣಗಿತ್ತು ಮೇಸ್ತ್ರಿ, ಅಷ್ಟೇ. ಅವರು ತಲೆ ಎತ್ತಿ ಕಾಯುತ್ತಿದ್ದರು. ಆ ಮುಖ ನೋಡಿ ಹೆದರಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ಅವತ್ತು ಮೂಡಲ ಗಾಳಿ ಜೋರಾಗಿತ್ತು ಅಂತ ಕಾಣ್ಸುತ್ತೆ ಮೇಸ್ತ್ರಿ."

"ಗಾಳಿ!" ಎಂದು ಎದ್ದು ನಿಂತರು. "ಗಾಳಿ ವಿಚಾರ ನಂಗೆ ಹೊಳೀಲೇ ಇಲ್ವಲ್ಲ ಸಾರ್!"

ಮುಂದಿನ ಸಲ ಹೋದಾಗ ಏಳೂ ಒಲೆಗಳನ್ನು ಒಡೆದು, ಬಾಯಿ ಪೂರ್ವಕ್ಕೆ ಮಾಡಿ ಮತ್ತೆ ಕಟ್ಟಿದ್ದರು. ಕೆಮ್ಮು ಹಿಡಿದಿತ್ತು. ಗಾಳಿ ಬೀಸುವ ದಿನ ಕಾಯುತ್ತಿದ್ದೇನೆ ಎಂದರು. ಆಮೇಲೆ ನಾನು ಆ ಬೀದಿಗೆ ಹೋಗುವುದನ್ನೇ ಬಿಟ್ಟೆ. ಶಿಡ್ಲಘಟ್ಟದ ಕೆಲಸ ಬಂದರೆ ಇನ್ನೊಬ್ಬರನ್ನು ಕಳಿಸುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ತಿಳಿದು ನಾನು ಹೋದದ್ದು ಹನ್ನೊಂದನೆಯ ದಿನ. ಅವರ ಹೆಂಡತಿ ಹಿತ್ತಲಿನ ಒಲೆಗಳಲ್ಲಿ ಒಂದರ ಮೇಲೆ ನನಗೆ ಟೀ ಕಾಯಿಸಿದರು.

"ಇದು ಚೆನ್ನಾಗ್ ಉರಿಯುತ್ತೆ ಸಾರ್. ನಾಲ್ಕು ಕಡ್ಡಿ ಇಡೋ ಕಡೆ ಮೂರು ಸಾಕು. ನಾನು ಹೇಳಿದ್ರೆ, ಅದಲ್ಲ ಕಣೇ, ಅರ್ಧ ಉಳೀಬೇಕು ಅಂತಿದ್ರು." ಲೋಟ ನನ್ನ ಕೈಗೆ ಕೊಟ್ಟು ಹೇಳಿದರು: "ನಿಮ್ಮನ್ನ ಬಾಳ ನೆನೀತಿದ್ರು. ಊರೆಲ್ಲ ನಕ್ರೂ ಆ ಸಾರ್ ಒಬ್ರೇ ನನ್ ಕೈಗುಣ ನಂಬಿದ್ದು ಅಂತ."

ಆ ಟೀ ಕುಡಿದೆ. ಅವರಿಗೂ ನಿಜ ಹೇಳದೆ ಎದ್ದು ಬಂದೆ.

ಕೆಲಸ ಬಿಟ್ಟ ಮೇಲೆ ಒಂದು ದಿನ ಧೈರ್ಯ ಮಾಡಿ ಆ ಹಿರಿಯ ರೀಲರ್ ಸಾಬರ ಬಳಿಗೆ ಹೋದೆ. ಅವರ ಘಟಕ ಮುಚ್ಚಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಣ ಸೌದೆ, ಹಸಿ ಸೌದೆ, ಸಭೆ, ಗಾಳಿ ಎಲ್ಲ ಹೇಳಿದೆ. ತಪ್ಪಾಯಿತು ಎಂದೆ.

"ನಾನು ಆ ಮನ್ಷನ್ನ ನಗಾಡ್ಬಿಟ್ನಲ್ಲ" ಎಂದರು ಸಾಬರು. ಆಮೇಲೆ ನನ್ನ ಕಡೆ ತಿರುಗಿದರು. "ನಮ್ಗೆ ಹೇಳಿ ಏನ್ ಬಂತು ಈಗ? ಅವ್ರಿಗ್ ಹೇಳಿದ್ರಾ?"

ಇಲ್ಲ. ಸಾಬರ ಹತ್ತಿರ ತಪ್ಪಾಯಿತು ಎಂದೆ. ಈಗ ಓದುವ ನಿಮ್ಮ ಹತ್ತಿರವೂ ಹೇಳುತ್ತಿದ್ದೇನೆ. ಹೇಳಬೇಕಾಗಿದ್ದವರು ಒಬ್ಬರು, ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೋಳು ಕೈಯಲ್ಲಿ ಕಡ್ಡಿ ಹಿಡಿದು, ತಲೆಯೆತ್ತಿ ನನ್ನನ್ನು ಕೇಳಿದವರು. ಶಿಡ್ಲಘಟ್ಟದ ಒಲೆ ಮೇಸ್ತ್ರಿ.