ಹಿಮ್ಮಡದ ಗಂಟು

ಅಲ್ಲಬೇ ಇಂದ್ರಾ, ಮಗಳು ಸತ್ರೂ ಕಲ್ಲಾಗಿ ಕುಂತಾಳಂತ ಬಾಜೂಮನಿ ಶಿವಲಿಂಗವ್ವನ್ನ ಬೈಯಾಕತ್ತಿಯಲ್ಲ, ಮೊದಲ ಪೂರಾ ಕೇಳು.

ಇಳಕಲ್ಲಾಗ ಆಕಿನ್ನ ಅಂದಾನಪ್ಪಗ ಕೊಡೂಮುಂದ ಆಕಿ ಅಪ್ಪ ವರನ ಮಾರಿ ನೋಡಿದ್ದಿಲ್ಲ, ಹಿಮ್ಮಡ ನೋಡಿದ್ದ. ಆಗ ನೇಕಾರ್ರೊಳಗ ಹಂಗಿತ್ತವ್ವಾ. ಹಿಮ್ಮಡದ ಮ್ಯಾಲಿನ ನರಕ್ಕ ಕಡ್ಲಿಕಾಳಿನಂಥಾ ಗಂಟಿದ್ರ, ದಿನಾ ಮಗ್ಗ ತುಳಿಯಾಂವ, ಹೆಂಡ್ತಿನ್ನ ಉಪಾಸ ಕೆಡವೂದಿಲ್ಲ ಅಂತ ಖುಷಿ. ಅಂದಾನಪ್ಪನ ಮನಿ ಗಂಡಸರಿಗೆಲ್ಲ ಗಂಟಿದ್ದವು. ಒಬ್ಬನೂ ಐವತ್ತು ದಾಟಿದ್ದಿಲ್ಲ. ಅದನ್ನ್ಯಾರೂ ನೋಡ್ಲಿಲ್ಲ.

ಎಪ್ಪತ್ತೊಂದರಾಗ ಅಂದಾನಪ್ಪ ಮಗ್ಗದ ಕುಣ್ಯಾಗ ಕುಂತಲ್ಲೇ ಎದಿ ಹಿಡ್ಕೊಂಡ. ವಾಯು ಅಂತ ಅಜವಾನದ ನೀರು ಕುಡಿಸಿದ್ರು. ಸಂಜಿಕ ಹೋದ. ನಲವತ್ತೊಂದು ವಯಸ್ಸು. ಅರ್ಧಕ್ಕ ನಿಂತ ಸೀರಿ, ಎಂಥಾ ಕೆಂಪು ಸೆರಗಂತಿ, ಯಾರೂ ಮುಗಿಸ್ಲಿಲ್ಲ.

ನಾಕು ವರ್ಷದ ಮ್ಯಾಲ ಮಗಳು ಶಾರವ್ವಗ ಬೆನ್ನಾಗ ಕುರ ಆತು, ಮಾಯವಲ್ದು. ಬಾಗಲಕೋಟಿಗೆ ಒಯ್ದ್ಳು. ಡಾಕ್ಟರ್ ರಕ್ತಾ ನೋಡಿ, ಹಿಮ್ಮಡದ ಗಂಟು ಮುಟ್ಟಿ, ಹುಡುಗಿನ್ನ ಹೊರಗ ಕುಂಡ್ರಿಸಿ ಕೇಳಿದ್ರು.

"ಈಕಿ ಮಗ್ಗಕ್ಕ ಕೂಡ್ತಾಳೇನ್ರಿ?"

"ಇಲ್ರಿಯಪ್ಪಾ, ಕಂಡಿಕಿಗೆ ನೂಲು ಸುತ್ತತಾಳಷ್ಟ."

"ಮತ್ತ ಗಂಟು ಹೆಂಗ ಬಂದ್ವು? ಇದು ರಕ್ತದಾಗಿನ ಕೊಬ್ಬು ನೋಡ್ರಿ, ಅಪ್ಪನಿಂದ ಇಳದದ. ಮ್ಯಾಲ ಸಕ್ಕರಿ ಬ್ಯಾರೆ ಏರೇದ. ಸಕ್ಕರಿ ಅರಗಿಸೂ ರಸ ಒಳಗ ಅದ, ಮೈ ಅದರ ಮಾತು ಕೇಳವಲ್ದು. ಎರಡೂ ಕೂಡಿದ್ರ ಹೆಂಗಸಂತ ನೋಡೂದಿಲ್ಲ, ಗುಂಡಿಗಿ ಹಿಡೀತದ. ಪಥ್ಯಾ ಮಾಡಸ್ರಿ. ಮುಂದ ಈಕಿ ಮಕ್ಕಳನ್ನೂ ತೋರಸ್ರಿ."

ಬಸ್ಸಿನಾಗ ಶಾರವ್ವ, "ಏನಂದ್ರಬೇ?" ಅಂದ್ಳು.

"ಕುರ ಮಾಯ್ತೈತಂತ. ಸುಮ್ಮ ಕುಂಡ್ರು."

ಎಂಟು ದಿನಕ್ಕ ಹುನಗುಂದದ ಬೀಗರು ಹುಡುಗಿ ನೋಡಾಕ ಬರೂದಿತ್ತಲ್ಲ! ರಕ್ತಾ ಕೆಟ್ಟ ಮನಿ ಹುಡುಗಿನ್ನ ಯಾರು ಒಯ್ತಾರ? ಬೀಗತಿ ಸಿದ್ದಲಿಂಗವ್ವ (ಆಕಿ ಮನಿ ಚಾದಾಗ ಹಾಲು ಹುಡುಕಬೇಕ ತಾಯಿ, ಅಂಥಾ ಜಿಪುಣಿ) ಹುಡುಗಿ ಹಿಮ್ಮಡ ಮುಟ್ಟಿ, "ಹೆಣ್ಣಿಗೂ ಗಂಟು ನೋಡ್ರಿ! ದುಡಿಯಾಕಿನ್ನ ಹುಡುಕೇನಿ ನಾ!" ಅಂತ ನಕ್ಕಳು. ಶಿವಲಿಂಗವ್ವನೂ ನಕ್ಕಳು. ಸಕ್ಕರಿ ಹಂಚಿದ್ರು.

ಹದಿಮೂರು ವರ್ಷ ಬಾಯಿ ಬಿಡ್ಲಿಲ್ಲ. ಮಗಳು ತವರಿಗೆ ಬಂದ್ರ ತಾನ ಹೋಳಗಿ ಮ್ಯಾಲ ತುಪ್ಪ ಸುರೀತಿದ್ಳು. ಬ್ಯಾಡಂದ್ರ ಯಾಕಂತ ಕೇಳ್ತಾಳಲ್ಲ!

ಈ ಯುಗಾದಿ ಮುಂದ ಶಾರವ್ವ ರೊಟ್ಟಿ ಬಡಿಯಾಕಿ ಹಂಚಿನ ಮುಂದ ಬಿದ್ದು ಅಲ್ಲೇ ಹೋದ್ಳು. ಮೂವತ್ತೆರಡು. "ಗಟ್ಟಿಮುಟ್ಟ ಹುಡುಗಿ, ಯಾರ ಕಣ್ಣು ಬಿತ್ತೋ" ಅಂತ ಸಿದ್ದಲಿಂಗವ್ವ ಎದಿ ಬಡ್ಕೊಂಡ್ಳು. ತಾಯಿ ಆಗೂ ಹೇಳ್ಲಿಲ್ಲ. ಮೊನ್ನೆ ನನ್ನ ಮುಂದ ಅಂದ್ಳು, "ಈಗ ಹೇಳಿದ್ರ ನಾನ ಕೊಂದಂಗಾತಲ್ಲಕ್ಕಾ."

ಶಾರವ್ವನ ಮಗಳು ಗುರುಲಿಂಗವ್ವಗ ಹನ್ನೊಂದು ನಡದೈತಿ. ಶಿವಲಿಂಗವ್ವಂತೂ ಹೇಳಾಕಿ ಅಲ್ಲ. ನೀ ನಾಳೆ ಮುಂಜಾನಿ ಬಸ್ಸಿಗೆ ಹುನಗುಂದಕ್ಕ ಹೋಗು. ಆ ಹುಡುಗಿ ಅಪ್ಪನ ಮುಂದ ಎಲ್ಲಾ ಹೇಳು, ಬಾಗಲಕೋಟಿಗೆ ಒಯ್ದು ಮಗಳ ರಕ್ತಾ ತೋರ್ಸು ಅನ್ನು. ಯಾರಂದ್ರು ಅಂದ್ರ ನನ್ನ ಹೆಸರು ಹೇಳು.