ಹನ್ನೊಂದು ಸೆಕೆಂಡು

ಪುಣೆಯ ನಮ್ಮ ತಂತಿ ಕಚೇರಿಯ ದೊಡ್ಡ ಗಡಿಯಾರವನ್ನು ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯ ಹಿರಿಯರು. ಅದರ ಹತ್ತಿರ ಹೋಗುವಾಗ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಉಸಿರಿನ ಬಿಸಿ ತಾಗಿದರೂ ಲೋಲಕ ಕೆಡುತ್ತದಂತೆ. ದಿನಾ ಸಂಜೆ ನಾಲ್ಕಕ್ಕೆ ಮದ್ರಾಸಿನಿಂದ ತಂತಿಯಲ್ಲಿ ಸರಿಯಾದ ವೇಳೆ ಬರುತ್ತಿತ್ತು. ಗಡಿಯಾರ ಎಷ್ಟು ಹಿಂದಿದೆ ಎಂದು ಅವರು ಪುಸ್ತಕದಲ್ಲಿ ಬರೆದಿಡುತ್ತಿದ್ದರೇ ಹೊರತು ಮುಳ್ಳು ತಿದ್ದುತ್ತಿರಲಿಲ್ಲ. ರೈಲಿನ ಗಾರ್ಡುಗಳು ಬಂದರೆ ಅಷ್ಟನ್ನು ಕೂಡಿಸಿ ವೇಳೆ ಹೇಳುತ್ತಿದ್ದರು.

“ಕೈ ಹಚ್ಚಬ್ಯಾಡ್ರಿ. ಎಷ್ಟು ತಪ್ಪದ ಅಂತ ಗೊತ್ತಿದ್ರ ಸಾಕು,” ಎನ್ನುವುದು ಅವರ ಮಾತು.

ನಾನು ಹೊಸ ಗುಮಾಸ್ತ. ತಿಂಗಳುಗಟ್ಟಲೆ ಹನ್ನೊಂದು ಸೆಕೆಂಡು ಹಿಂದೆಯೇ ಇದ್ದ ಗಡಿಯಾರವನ್ನು ಕಂಡು ಕೈ ತುರಿಸುತ್ತಿತ್ತು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಗಾಜಿನ ಬಾಗಿಲು ತೆರೆದು ಮುಳ್ಳನ್ನು ಸರಿಪಡಿಸಿಬಿಟ್ಟೆ. ಮೆಚ್ಚುತ್ತಾರೆಂದುಕೊಂಡಿದ್ದೆ.

ನಾಲ್ಕಕ್ಕೆ ತಂತಿ ಟಕ್ಕೆಂದಿತು. ನಿನ್ನೆಯ ಹನ್ನೊಂದು ಸೆಕೆಂಡು ಇವತ್ತಿರಲಿಲ್ಲ. ಅವರ ಮುಖ ಬಿಳಿಚಿತು.

“ತಾನ ಜಿಗದದ್ರಿ ಇದು,” ಎಂದು ಪಿಸುಗುಟ್ಟಿದರು. “ಮತ್ತ ಯಾವಾಗ ಜಿಗೀತದೋ! ಗಾರ್ಡಿಗೆ ಏನಂತ ಹೇಳಲಿ?”

ನಿಜ ಹೇಳಿದರೆ ನೌಕರಿ ಹೋಗುತ್ತದೆಂದು ಹೆದರಿದೆ. ತಲೆ ತಗ್ಗಿಸಿ ನನ್ನ ಕಾಗದಗಳನ್ನು ಜೋಡಿಸತೊಡಗಿದೆ.

ಅಂದಿನಿಂದ ಅವರು ಊಟಕ್ಕೆ ಮನೆಗೆ ಹೋಗಲಿಲ್ಲ. ಗಡಿಯಾರದ ಎದುರೇ ಬುತ್ತಿ ಬಿಚ್ಚುತ್ತಿದ್ದರು. ರೊಟ್ಟಿ ಮುರಿಯುವಾಗಲೂ ಮುಳ್ಳಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ಕೈ ತೊಳೆಯಲು ಎದ್ದಾಗ ಮಾತ್ರ ನನ್ನನ್ನು ಕರೆದು ತಮ್ಮ ಜಾಗದಲ್ಲಿ ಕೂರಿಸುತ್ತಿದ್ದರು.

“ಸ್ವಲ್ಪ ನೋಡಕೊಳ್ರಿ. ನಿಮ್ಮ ಮ್ಯಾಲ ನನಗ ಭಾಳ ನಂಬಿಕಿ ಅದ.”